ಕಡತದ ಕಪ್ಪು, ಓಲೆಯ ಬಿಳುಪು

ರಾತ್ರಿಯ ಲೋಕಲಿನಲ್ಲಿ ಬೋರಿವಲಿಗೋ ಕಲ್ಯಾಣಕ್ಕೋ ಮರಳುವವರ ಮೊಬೈಲುಗಳತ್ತ ಕಣ್ಣು ಹಾಯಿಸಿದರೆ, ಹಲವರು ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳನ್ನು ಓದುತ್ತಿರುತ್ತಾರೆ. ಇದೊಂದು ಹೊಸ ಶೋಕಿ ಎನ್ನುವವರು ನಮ್ಮಲ್ಲಿದ್ದಾರೆ. ಕನ್ನಡದ ಮಟ್ಟಿಗೆ ಆ ಮಾತು ಸಲ್ಲದು.

ಸರ್ಕಾರಿ ನೌಕರನಾದ ನನಗೆ ಕಡತವೆಂದರೆ ಮೇಜಿನ ಮೇಲಿನ ಫೈಲು. ಮೂಲದಲ್ಲಿ ಅದು ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ; ಬರೆಯುವುದು ಬಳಪದಿಂದ. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸುತ್ತಾನೆ: ಅಗಲ ಸುಮಾರು ಒಂದಡಿಯೊಳಗೆ, ಉದ್ದ 12ರಿಂದ 18 ಅಡಿ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ತಾಳೆಗರಿಯದು ಇದಕ್ಕೆ ವಿರುದ್ಧವಾದ ಕ್ರಮ: ಕಂಟದಿಂದ ಕೊರೆದು ಮಸಿ ತೀಡಿದರೆ ತಿಳಿಬಣ್ಣದ ಗರಿಯ ಮೇಲೆ ಕಪ್ಪಕ್ಷರ ಮೂಡುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಅಳಿಸಿ ಬರೆಯಬೇಕಾದ ಲೆಕ್ಕಕ್ಕೆ ಕಡತ, ಉಳಿಯಬೇಕಾದ ಕಾವ್ಯಕ್ಕೆ ಓಲೆ.

ಕಂಪ್ಯೂಟರಿನ ಪರದೆಯೂ ಮೊದಲು ಕಡತದಂತೆಯೇ ಇತ್ತು. ಕಪ್ಪಿನ ಮೇಲೆ ಹಸಿರಕ್ಷರ. 1984ರ ಮ್ಯಾಕಿಂಟೋಶಿನಂತಹ ಯಂತ್ರಗಳು ಕಾಗದದ ಬಿಳುಪನ್ನು ಪರದೆಗೆ ತಂದವು. 2019ರ ಹೊತ್ತಿಗೆ ಕಪ್ಪು ಮೊಬೈಲುಗಳಿಗೆ ಮರಳಿತು. ಓದುಗ ಯಾವುದನ್ನು ಆರಿಸಿದ್ದಾನೆಂದು ಬ್ರೌಸರು ಜಾಲಪುಟಕ್ಕೆ ತಿಳಿಸುವ ಏರ್ಪಾಡೂ ಬಂದಿತು. ವಾಸ್ತವವಾಗಿ, 1994ರಲ್ಲಿ ಹೋಕನ್ ವಿಯುಮ್ ಲೀ ಸಿಎಸ್‌ಎಸ್ ಶೈಲಿಭಾಷೆಯನ್ನು ಪ್ರಸ್ತಾಪಿಸಿದಾಗಲೇ ಅದರಲ್ಲಿ ಬರೆದವನ ಇಚ್ಛೆಗೂ ಓದುವವನ ಇಚ್ಛೆಗೂ ಸ್ಥಾನವಿತ್ತು.

ಆದರೆ ಬಣ್ಣಗಳನ್ನು ತಿರುವುಮುರುವು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯದು. ಪುಟದ ಒಳಗೆಲ್ಲೋ ಅಕ್ಷರಕ್ಕೆ ನೇರವಾಗಿ ಕಪ್ಪೆಂದು ವಿಧಿಸಿದ್ದರೆ, ಹಿನ್ನೆಲೆ ಕಪ್ಪಾದ ಕೂಡಲೇ ಆ ಸಾಲು ಮಾಯವಾಗುತ್ತದೆ. ಹಾಗಾಗಿ ಬಲ್ಲವರು ಬಣ್ಣಕ್ಕಲ್ಲ, ಅದರ ಪಾತ್ರಕ್ಕೆ ಹೆಸರಿಡುತ್ತಾರೆ: ಹಿನ್ನೆಲೆ, ಅಕ್ಷರ, ಕೊಂಡಿ. ಪ್ರತಿ ಹೆಸರಿಗೂ ಹಗಲಿಗೊಂದು, ಇರುಳಿಗೊಂದು ಬೆಲೆ.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ಕಪ್ಪಿನ ಮೇಲಣ ಬಿಳಿ ಗೆರೆ ಕಣ್ಣಿಗೆ ಹರಡಿ ದಪ್ಪವಾಗಿ ತೋರುತ್ತದೆ. ದನಕ್ಕೂ ಧನಕ್ಕೂ ಇರುವ ಅಂತರವೆಲ್ಲ ಅಕ್ಷರದ ಬುಡದ ಒಂದು ಸಣ್ಣ ಸೀಳು. ಅದು ಮುಚ್ಚಿಹೋದರೆ ಅರ್ಥವೇ ಕೆಡುತ್ತದೆ. ಒತ್ತಕ್ಷರಗಳ ಪಾಡು ಹೇಳಬೇಕಿಲ್ಲ. ಇದಕ್ಕೆ ಒಂದು ಉಪಾಯ ನಮ್ಮ ಮುಂಬಯಿಯಿಂದಲೇ ಬಂದಿದೆ ಎಂಬುದು ನನಗೆ ಸಂತೋಷದ ಸಂಗತಿ. ಇಲ್ಲಿನ ಏಕ್ ಟೈಪ್ ಸಂಸ್ಥೆ 2022ರಲ್ಲಿ ಹತ್ತು ಲಿಪಿಗಳಲ್ಲಿ ಹೊರತಂದ ಅನೇಕ್ ಅಕ್ಷರಮಾಲೆಯಲ್ಲಿ ಕನ್ನಡವೂ ಇದೆ. ಗೆರೆಯ ದಪ್ಪವನ್ನು ಬೇಕಾದಷ್ಟಕ್ಕೆ ಹೊಂದಿಸಬಹುದು. ಇರುಳಿನ ಪುಟಕ್ಕೆ ತುಸು ತೆಳುವಾದ ಗೆರೆಯಿಟ್ಟು, ಅಚ್ಚ ಬಿಳಿಯ ಬದಲು ಮಾಸಲು ಬಿಳಿಯನ್ನು ಬಳಸಿದರೆ ಸೀಳು ಉಳಿಯುತ್ತದೆ. ಇದ್ದಿಲು ಬಳಿದ ಬಟ್ಟೆಯ ಮೇಲೆ ಬಳಪದ ಗೆರೆಯೂ ಅಚ್ಚ ಬಿಳಿಯಾಗಿರಲಿಲ್ಲ.