ಮಾನ ಹೋಯ್ತು ಅನ್ನೋದಕ್ಕೆ ಸಾಕ್ಷಿ ಏನು?

ಮನೆಯಲ್ಲಿ ಕಳ್ಳತನ ಆದರೆ ಏನೇನು ಹೋಯ್ತು ಅಂತ ಪಟ್ಟಿ ಕೊಡಬಹುದು. ಮಾನ ಹೋದರೆ? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ನೇರವಾಗಿ ಬಂದದ್ದು 1974ರಲ್ಲಿ.

ಅಲ್ಲಿವರೆಗೂ ನಡೆದದ್ದು ಇಂಗ್ಲೆಂಡಿನಿಂದ ಬಂದ ಹಳೇ ಪದ್ಧತಿ. ಮಾನಹಾನಿಕರ ಸುಳ್ಳು ಅಚ್ಚಾಯಿತು ಅಂದರೆ ಹಾನಿಯೂ ಆಗಿದೆ ಅಂತಲೇ ಕೋರ್ಟು ಭಾವಿಸುತ್ತಿತ್ತು. ಪರಿಹಾರ ಎಷ್ಟು ಅನ್ನೋದು ಜ್ಯೂರಿಗೆ ಬಿಟ್ಟದ್ದು.

ಎಲ್ಮರ್ ಗರ್ಟ್ಸ್ ಷಿಕಾಗೋದ ವಕೀಲರು. 1968ರಲ್ಲಿ ಪೊಲೀಸನ ಗುಂಡಿಗೆ ಬಲಿಯಾದ ಯುವಕನ ಮನೆಯವರ ಪರ ಸಿವಿಲ್ ದಾವೆ ನಡೆಸಿದರು. ಅಷ್ಟಕ್ಕೇ ಬಲಪಂಥೀಯ ಪತ್ರಿಕೆ 'ಅಮೆರಿಕನ್ ಒಪಿನಿಯನ್' ಅವರನ್ನು ಲೆನಿನ್‌ವಾದಿ ಅಂತ ಬರೆಯಿತು. ಜ್ಯೂರಿ 50,000 ಡಾಲರ್ ಕೊಟ್ಟಿತು, ನ್ಯಾಯಾಧೀಶರು ರದ್ದು ಮಾಡಿದರು.

ಸುಪ್ರೀಂ ಕೋರ್ಟು 5-4ರಲ್ಲಿ ಮರುವಿಚಾರಣೆಗೆ ಆದೇಶಿಸಿತು. ಜೊತೆಗೆ ಹೊಸ ನಿಯಮ: ಪತ್ರಿಕೆಯದು ಬರೀ ಅಜಾಗರೂಕತೆಯಾದರೆ ಊಹೆಯ ಪರಿಹಾರ ಇಲ್ಲ, ನಿಜವಾದ ಹಾನಿ ತೋರಿಸಬೇಕು. ಆದರೆ ನೋಡಿ, ಹಾನಿ ಅಂದರೆ ಜೇಬಿನ ದುಡ್ಡಷ್ಟೇ ಅಲ್ಲ. ಕೆಟ್ಟ ಹೆಸರು, ಅವಮಾನ, ಮನೋವೇದನೆ ಎಲ್ಲವೂ ಸೇರುತ್ತೆ, ಇಷ್ಟು ಡಾಲರ್ ಅಂತ ಲೆಕ್ಕ ತೋರಿಸಬೇಕಿಲ್ಲ ಎಂದರು ನ್ಯಾಯಮೂರ್ತಿ ಪೊವೆಲ್. ಭಾರವನ್ನೆಲ್ಲ ನೊಂದವರ ಮೇಲೆ ಹೊರಿಸುತ್ತಿದ್ದೀರಿ ಎಂದು ನ್ಯಾಯಮೂರ್ತಿ ಬೈರನ್ ವೈಟ್ ತಕರಾರು ತೆಗೆದರು. ಅವರ ಮಾತಲ್ಲಿ ಹುರುಳಿದೆ ಅನ್ನಿಸುತ್ತೆ. ಬಾಗಿಲಿಗೆ ಬಾರದೇ ಹೋದ ಕಕ್ಷಿದಾರ ಸಾಕ್ಷಿಕಟ್ಟೆಗೆ ಮಾತ್ರ ಬರ್ತಾನಾ?

ಎರಡೇ ವರ್ಷಕ್ಕೆ ಇದರ ಪರೀಕ್ಷೆಯೂ ಆಯ್ತು. ಟೈರ್ ಕಂಪನಿ ಮನೆತನದ ಸೊಸೆ ಮೇರಿ ಆಲಿಸ್ ಫೈರ್‌ಸ್ಟೋನ್ ಅವರ ವಿಚ್ಛೇದನಕ್ಕೆ ವ್ಯಭಿಚಾರವೂ ಕಾರಣ ಎಂದು 1967ರಲ್ಲಿ 'ಟೈಮ್' ಬರೆದಿತ್ತು. ವಿಚ್ಛೇದನದ ತೀರ್ಪು ಹಾಗೆ ಹೇಳಿರಲಿಲ್ಲ. ಆಕೆ ದಾವೆ ಹೂಡಿದರು. ಆದರೆ ವಿಚಾರಣೆಗೆ ಮುನ್ನ, ಹೆಸರು ಕೆಟ್ಟಿತು ಅನ್ನೋ ಬೇಡಿಕೆಯನ್ನೇ ಕೈಬಿಟ್ಟರು! ಉಳಿದದ್ದು ಸಂಕಟ ಮಾತ್ರ. ಸಾಕ್ಷಿಗೆ ಬಂದವರು ಪಾದ್ರಿ, ವಕೀಲರು, ಸ್ನೇಹಿತರು, ಅಕ್ಕಪಕ್ಕದವರು. ಅವರಲ್ಲೊಬ್ಬ ವೈದ್ಯರು ಆಕೆಗೆ ಶಮನದ ಔಷಧಿ ಕೊಡಬೇಕಾಯ್ತು ಎಂದರು. ಮಗ ದೊಡ್ಡವನಾದ ಮೇಲೆ ಈ ಸುಳ್ಳು ಅವನನ್ನು ಕಾಡುತ್ತೆ ಅನ್ನೋದು ತಾಯಿಯ ಭಯ. ಜ್ಯೂರಿ ಕೊಟ್ಟದ್ದು 1,00,000 ಡಾಲರ್.

1976ರಲ್ಲಿ ಸುಪ್ರೀಂ ಕೋರ್ಟು ಈ ಸಂಕಟವೂ ಹಾನಿಯೇ ಎಂದು ಒಪ್ಪಿತು. ಆದರೂ ಹಣ ಕೈಗೆ ಬರಲಿಲ್ಲ. ಪತ್ರಿಕೆಯ ತಪ್ಪೇನು ಎಂದು ಕೆಳಗಿನ ಯಾವ ಕೋರ್ಟೂ ತೀರ್ಮಾನಿಸಿರಲಿಲ್ಲವಾದ್ದರಿಂದ ಪ್ರಕರಣ ಫ್ಲೋರಿಡಾಕ್ಕೆ ವಾಪಸ್ ಹೋಯ್ತು.

ಗರ್ಟ್ಸ್? ಅವರ ಮರುವಿಚಾರಣೆ ಮುಗಿದದ್ದು 1981ರಲ್ಲಿ. ಪರಿಹಾರ 1,00,000 ಡಾಲರ್, ಪತ್ರಿಕೆಗೆ ಪಾಠ ಕಲಿಸಲು ಅದರ ಮೇಲೆ ಇನ್ನೂ 3,00,000.