ರೇಕಿ: ವಿಶ್ರಾಂತಿಗೆ ಸರಿ, ಔಷಧಕ್ಕೆ ಬದಲಿಯಲ್ಲ

ಮಂಡಿನೋವು, ನಿದ್ರೆ ಬಾರದಿರುವುದು, ಮನಸ್ಸಿನ ಚಿಂತೆ ಇರುವ ಹಿರಿಯರು ಈಗ ರೇಕಿ ಮಾಡಿಸಿಕೊಳ್ಳುವುದುಂಟು. ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಶ್ರಾವಕ-ಶ್ರಾವಿಕೆಯರಿಗೆ ತಿಳಿದಿರಬೇಕು.

ಹಿನ್ನೆಲೆ

ರೇಕಿ ಹುಟ್ಟಿದ್ದು ಜಪಾನಿನಲ್ಲಿ. ಅಲ್ಲಿನ ಭಾಷೆಯಲ್ಲಿ 'ಕಿ' ಎಂದರೆ ಪ್ರಾಣಶಕ್ತಿ. ಮಿಕಾವೊ ಉಸುಯಿ (1865–1926) ಎಂಬುವರಿಗೆ 1922ರಲ್ಲಿ ಕ್ಯೋಟೊ ಸಮೀಪದ ಕುರಾಮ ಬೆಟ್ಟದಲ್ಲಿ ಉಪವಾಸ, ಧ್ಯಾನ ಮಾಡುತ್ತಿದ್ದಾಗ ಈ ವಿದ್ಯೆ ದೊರೆಯಿತೆಂದು ಆ ಪರಂಪರೆಯವರು ಹೇಳುತ್ತಾರೆ. ಅವರ ಶಿಷ್ಯ ಚುಜಿರೊ ಹಯಾಶಿ. ಹಯಾಶಿಯವರಿಂದ ಕಲಿತ ಹವಾಯೊ ತಕಾಟ ಎಂಬ ಮಹಿಳೆ 1930ರ ದಶಕದ ಕೊನೆಯಲ್ಲಿ ಇದನ್ನು ಹವಾಯಿ ದ್ವೀಪಕ್ಕೆ ಒಯ್ದರು. ಮುಂದೆ ಅಮೆರಿಕದಲ್ಲೂ ಇತರ ದೇಶಗಳಲ್ಲೂ ಹರಡಿತು.

ಮಾಡುವ ಕ್ರಮ

ಬಟ್ಟೆ ತೊಟ್ಟೇ ಮಲಗಿದವರ ತಲೆ, ಕಣ್ಣು, ಎದೆ, ಹೊಟ್ಟೆ, ಬೆನ್ನು ಮುಂತಾದ ಕಡೆ ಚಿಕಿತ್ಸಕರು ಅಂಗೈಯನ್ನು ಹಗುರವಾಗಿ ಇಡುತ್ತಾರೆ, ಇಲ್ಲವೆ ಸ್ವಲ್ಪ ಮೇಲೆ ಹಿಡಿಯುತ್ತಾರೆ. ಪ್ರತಿ ಜಾಗದಲ್ಲೂ ಕೆಲವು ನಿಮಿಷ. ಒಟ್ಟು ಸುಮಾರು ಒಂದು ಗಂಟೆ. ಎಣ್ಣೆ, ಮಾಲೀಸು, ಗುಳಿಗೆ ಏನೂ ಇರುವುದಿಲ್ಲ.

ಪ್ರಯೋಜನವೆಷ್ಟು?

ಶಾಂತವಾದ ಕೋಣೆಯಲ್ಲಿ ಒಂದು ಗಂಟೆ ಅಲುಗದೆ ಮಲಗಿದರೆ ಉಸಿರು ನಿಧಾನವಾಗುತ್ತದೆ, ಮೈ ಸಡಿಲವಾಗುತ್ತದೆ. ಒಬ್ಬರು ಪ್ರೀತಿಯಿಂದ ನಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಎಂಬ ಸಮಾಧಾನವೂ ಸೇರುತ್ತದೆ. ಈ ನೆಮ್ಮದಿ ಸುಳ್ಳಲ್ಲ. ಆದರೆ ಕೈಯಿಂದ ಶಕ್ತಿ ಹರಿದು ರೋಗ ಹೋಗುತ್ತದೆ ಎಂಬುದು ಸಾಬೀತಾಗಿಲ್ಲ.

ರೇಕಿಯನ್ನು ಹೋಲುವ ಇನ್ನೊಂದು ಪದ್ಧತಿಯನ್ನು ಎಮಿಲಿ ರೋಸಾ ಎಂಬ ಅಮೆರಿಕದ ಬಾಲಕಿ ಪರೀಕ್ಷಿಸಿದಳು. 21 ಮಂದಿ ಚಿಕಿತ್ಸಕರು ಪರದೆಯ ಆಚೆಗೆ ಎರಡೂ ಕೈ ಚಾಚಿದರು. ಅವಳು ಯಾವ ಕೈಯ ಮೇಲೆ ತನ್ನ ಕೈ ಹಿಡಿದಿದ್ದಾಳೆಂದು ಅವರು ಹೇಳಬೇಕಿತ್ತು. ಸರಿಯಾದ ಉತ್ತರ ಶೇ. 44 ಮಾತ್ರ. ಸುಮ್ಮನೆ ಊಹಿಸಿದರೂ ಶೇ. 50ರಷ್ಟು ಬರಬೇಕು! 1998ರಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ಧರ್ಮದ ದೃಷ್ಟಿ

ಜೀವನು ತಾನು ಕಟ್ಟಿದ ಕರ್ಮದ ಫಲವನ್ನು ತಾನೇ ಉಣ್ಣಬೇಕು. ಬೇರೆಯವರು ನಿಮಿತ್ತ ಮಾತ್ರ. ಆದ್ದರಿಂದ "ನಿಮ್ಮ ಕರ್ಮವನ್ನು ನಾನು ತೆಗೆಯುತ್ತೇನೆ" ಎನ್ನುವವರ ಮಾತು ನಮ್ಮ ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಔಷಧವೂ ಒಂದು ನಿಮಿತ್ತವೇ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ಗುಳಿಗೆ ಬಿಡುವುದನ್ನು ತ್ಯಾಗವೆಂದು ತಿಳಿಯಬಾರದು.

ಮೈಮನಸ್ಸಿನ ವಿಶ್ರಾಂತಿಗೆ ನಮ್ಮಲ್ಲೇ ಕಾಯೋತ್ಸರ್ಗವಿದೆ. ಅದರ ಗುರಿ ದೇಹದ ಮೇಲಿನ ಮಮತೆಯನ್ನು ಬಿಡುವುದು. ನೆಮ್ಮದಿ ಜೊತೆಗೆ ಬರುವಂಥದ್ದು. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರಿನಂತೆ, ಒಂಬತ್ತು ಸಲಕ್ಕೆ 27 ಉಸಿರು. ನಿಂತು ಮಾಡಲಾಗದವರು ಕುಳಿತು ಮಾಡಬಹುದು. ಖರ್ಚಿಲ್ಲ.

ಮನೆಯವರು ಗಮನಿಸಬೇಕಾದದ್ದು

• ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂರ್ಛೆರೋಗದ ಔಷಧಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. "ರೇಕಿಯಿಂದ ಆರಾಮಾಗಿದೆ" ಎಂದು ಹಿರಿಯರು ಹೇಳಿದರೆ ಗುಳಿಗೆ ನುಂಗುತ್ತಿದ್ದಾರೆಯೇ ಎಂದು ಒಮ್ಮೆ ನೋಡಿ.
• ಎದೆನೋವು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೈಯಲ್ಲಿ ಗಂಟು ಕಂಡರೆ ಮೊದಲು ವೈದ್ಯರಿಗೆ ತೋರಿಸಿ.
• ಕ್ಯಾನ್ಸರ್, ಮಧುಮೇಹ ಮುಂತಾದವನ್ನು ಗುಣಪಡಿಸುತ್ತೇವೆಂದು ಔಷಧ ಅಥವಾ ಮಂತ್ರ-ತಾಯಿತಗಳ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಅಂಥ ಭರವಸೆ ಕೊಡುವವರಿಂದ ದೂರವಿರಿ.
• ಶುಲ್ಕವೆಷ್ಟು, ಎಷ್ಟು ಸಲ ಎಂದು ಮೊದಲೇ ಕೇಳಿ. ಎಲ್ಲ ಹಣವನ್ನೂ ಮುಂಗಡ ಕೊಡಬೇಡಿ.
• ಮಹಿಳೆಯರು, ಮಕ್ಕಳು, ವಯಸ್ಸಾದವರ ಜೊತೆ ಮನೆಯವರೊಬ್ಬರು ಇರಲಿ.

ಇಷ್ಟು ಎಚ್ಚರವಿದ್ದರೆ, ಇಷ್ಟವಿರುವವರು ವೈದ್ಯರ ಚಿಕಿತ್ಸೆಯ ಜೊತೆಗೆ ರೇಕಿ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ.

ಜೈ ಜಿನೇಂದ್ರ.