ದೇವರಿಗೊಂದು, ಪ್ರವಾಸಿಗೊಂದು: ಬಾಲಿಯ ಕಲೆ ಅಂಗಡಿಗೆ ಬಂದ ಬಗೆ

ಬಾಲಿ ದ್ವೀಪದಲ್ಲಿ ಕಲಾವಸ್ತುಗಳ ಅಂಗಡಿ ಕಾಣಿಸಿಕೊಂಡದ್ದು 20ನೇ ಶತಮಾನದಲ್ಲಿ. ಅದಕ್ಕೆ ಮುಂಚೆಯೂ ಅಲ್ಲಿ ಶಿಲ್ಪಿಗಳಿಗೆ, ಚಿತ್ರಗಾರರಿಗೆ, ಅಕ್ಕಸಾಲಿಗಳಿಗೆ ಕೊರತೆಯಿರಲಿಲ್ಲ. ಆದರೆ ಅವರು ಮಾಡಿದ್ದನ್ನು ದೂರದಿಂದ ಬಂದವರು ದುಡ್ಡು ಕೊಟ್ಟು ಒಯ್ಯುವ ರೂಢಿ ಇರಲಿಲ್ಲ. ಕೆಲಸ ಬರುತ್ತಿದ್ದುದು ಎರಡು ಕಡೆಯಿಂದ: ಒಂದು ‘ಪುರ’, ಅಂದರೆ ದೇವಸ್ಥಾನ, ಇನ್ನೊಂದು ‘ಪುರಿ’, ಅಂದರೆ ಅರಮನೆ. ಮಾಡಿದವರ ಹೆಸರು ಕೆತ್ತನೆಯ ಮೇಲಾಗಲಿ ಚಿತ್ರದ ಮೂಲೆಯಲ್ಲಾಗಲಿ ಇರುತ್ತಿರಲಿಲ್ಲ.

ಈ ಕೆಲಸಕ್ಕೆ ಬಿಡುವಿಲ್ಲದಂತೆ ನೋಡಿಕೊಂಡದ್ದು ಅಲ್ಲಿನ ಕಲ್ಲು ಮತ್ತು ಮಳೆ. ದೇವಸ್ಥಾನಗಳಿಗೆ ಬಳಸುವ ‘ಪಾರಾಸ್’ ಎಂಬ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ, ಮಳೆಗೆ ಅಷ್ಟೇ ಬೇಗ ಸವೆಯುತ್ತದೆ. ಹೊಯ್ಸಳ ಗುಡಿಗಳ ಬಳಪದ ಕಲ್ಲು ಗಾಳಿಗೆ ಒಡ್ಡಿಕೊಂಡ ಮೇಲೆ ಗಡುಸಾಗಿ ಎಂಟು ನೂರು ವರ್ಷ ಬಾಳಿತು. ಪಾರಾಸ್‌ಗೆ ಆ ಭಾಗ್ಯವಿಲ್ಲ. ಹಾಗಾಗಿ ಕೆಲವೇ ತಲೆಮಾರುಗಳಲ್ಲಿ ಕೆತ್ತನೆ ಹೊಸದಾಗಿ ಆಗಲೇಬೇಕು. ದೇವಸ್ಥಾನದ ಬಟ್ಟೆಯ ಚಿತ್ರಗಳದೂ ಅದೇ ಪಾಡು: ಹುಳು ತಿಂದು, ಬೂಷ್ಟು ಹಿಡಿದು ಹಾಳಾದಾಗ ಅದೇ ನಮೂನೆಯಲ್ಲಿ ಇನ್ನೊಂದನ್ನು ಬರೆಸಿ ಕಟ್ಟುತ್ತಿದ್ದರು. 1917ರ ದೊಡ್ಡ ಭೂಕಂಪದಲ್ಲಿ ನೂರಾರು ಗುಡಿಗಳು ಉರುಳಿದಾಗ ಇಡೀ ದ್ವೀಪದ ಕೆತ್ತನೆಗಾರರಿಗೆ ಮತ್ತೆ ಕೈತುಂಬ ಕೆಲಸ ಬಂತು. ಹಳೆಯದು ಎಂಬ ಕಾರಣಕ್ಕೇ ಒಂದು ವಸ್ತುವಿಗೆ ಬೆಲೆ ಬರುತ್ತದೆ ಎನ್ನುವ ಭಾವನೆ ಅಲ್ಲಿಗೆ ಬಂದದ್ದು ಕೊಳ್ಳುವವರ ಜೊತೆಗೆ.

ಅರಮನೆಯ ಚಿತ್ರಕಲೆ ಹೇಗಿತ್ತೆಂಬುದನ್ನು ಕ್ಲುಂಗ್‌ಕುಂಗ್ ಬಳಿಯ ಕಾಮಾಸಾನ್ ಊರಿನಲ್ಲಿ ಇವತ್ತಿಗೂ ನೋಡಬಹುದು. ಹತ್ತಿಯ ಬಟ್ಟೆಯನ್ನು ಅಕ್ಕಿಹಿಟ್ಟಿನ ಗಂಜಿಯಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಕವಡೆಯಿಂದ ಉಜ್ಜಿ ಉಜ್ಜಿ ನಯ ಮಾಡುತ್ತಾರೆ. ಹಿರಿಯ ಕಲಾವಿದ ರೇಖೆ ಎಳೆಯುತ್ತಾನೆ. ಬಣ್ಣ ತುಂಬುವುದು ಮನೆಯ ಉಳಿದವರ ಕೆಲಸ, ಅದರಲ್ಲೂ ಹೆಂಗಸರದು. ಕಪ್ಪಿಗೆ ದೀಪದ ಮಸಿ, ಬಿಳಿಗೆ ಸುಟ್ಟ ಹಂದಿಯ ಮೂಳೆ, ನೀಲಿಗೆ ನೀಲಿಗಿಡ, ಕೆಂಪಿಗೆ ಚೀನಾದಿಂದ ಬಂದ ಇಂಗಳೀಕ. ಎಲ್ಲ ಮುಗಿದ ಮೇಲೆ ಕಪ್ಪು ಗೆರೆಯನ್ನು ಇನ್ನೊಮ್ಮೆ ತಿದ್ದುತ್ತಾರೆ. ಆಕೃತಿಗಳೆಲ್ಲ ತೊಗಲುಗೊಂಬೆಯ ಕಡೆಯಿಂದ ಬಂದವು: ಸಜ್ಜನರಿಗೆ ಸಣ್ಣ ಉದ್ದ ಕಣ್ಣು, ರಕ್ಕಸರಿಗೆ ದುಂಡು ಕಣ್ಣು, ಕೋರೆ ಹಲ್ಲು. ಕತೆಗಳು ರಾಮಾಯಣ, ಮಹಾಭಾರತ, ಪಂಜಿ ಎಂಬ ಜಾವಾದ ರಾಜಕುಮಾರನ ಕತೆಗಳು, ಮತ್ತು ತಂತ್ರಿ ಎಂಬ ಪ್ರಾಣಿಕತೆಗಳ ಮಾಲೆ. ಈ ಕೊನೆಯದಕ್ಕೂ ಕನ್ನಡಕ್ಕೂ ಹಳೆಯ ನಂಟಿದೆ. ಜಾವಾ, ಬಾಲಿಗಳ ತಂತ್ರಿ ಕತೆಗಳೂ 11ನೇ ಶತಮಾನದ ದುರ್ಗಸಿಂಹನ ಕನ್ನಡ ಪಂಚತಂತ್ರವೂ ವಿಷ್ಣುಶರ್ಮನ ಪಾಠಕ್ಕಿಂತ ಬೇರೆಯಾದ ವಸುಭಾಗನ ಪರಂಪರೆಗೆ ಸೇರಿದವು.

ಡಚ್ಚರ ಸೈನ್ಯ 1906ರಲ್ಲಿ ಬಾದುಂಗ್ ರಾಜ್ಯವನ್ನೂ 1908ರಲ್ಲಿ ಕ್ಲುಂಗ್‌ಕುಂಗನ್ನೂ ಗೆದ್ದಾಗ ಈ ವ್ಯವಸ್ಥೆಯ ಬುಡ ಅಲುಗಾಡಿತು. ಎರಡೂ ಕಡೆ ರಾಜಪರಿವಾರದವರು ಬಿಳಿ ಬಟ್ಟೆಯುಟ್ಟು, ಕಠಾರಿ ಹಿಡಿದು ಬಂದೂಕಿಗೆ ಎದುರಾಗಿ ನಡೆದು ಸತ್ತರು. ‘ಪುಪುತಾನ್’ ಎಂದು ಹೆಸರಾದ ಈ ಸಾಮೂಹಿಕ ಸಾವಿನ ಸುದ್ದಿಗೆ ಯೂರೋಪಿನಲ್ಲಿ ಡಚ್ಚರ ಮುಖಕ್ಕೆ ಮಸಿ ಬಳಿದಂತಾಯಿತು. ಆಮೇಲಿನ ಆಡಳಿತ ಬಾಲಿಯನ್ನು ಹಾಗೆಯೇ ಕಾಪಾಡಿ ಲೋಕಕ್ಕೆ ತೋರಿಸಬೇಕಾದ ಜೀವಂತ ವಸ್ತುಸಂಗ್ರಹಾಲಯದಂತೆ ನೋಡತೊಡಗಿತು. ಇದರಲ್ಲಿ ಪಶ್ಚಾತ್ತಾಪ ಎಷ್ಟು, ವ್ಯಾಪಾರದ ಲೆಕ್ಕ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅರಮನೆಗಳು ಬಡವಾದವು, ಕಲಾವಿದರಿಗೆ ಹಳೆಯ ಯಜಮಾನರು ಹೋದರು. ಸಾಲ ತೀರಿಸಲು ಹಳೆಯ ಕಠಾರಿ, ಬಂಗಾರದ ಸಾಮಾನು, ಚಿತ್ರಗಳನ್ನು ಮಾರಿದ ಮನೆತನಗಳೂ ಇದ್ದವು.

ಪ್ರವಾಸಿಗಳನ್ನು ಕರೆತಂದದ್ದು ಕೆಪಿಎಂ ಎಂಬ ಡಚ್ ಹಡಗು ಕಂಪನಿ. ಅದರ ಹಡಗುಗಳು ಮುಖ್ಯವಾಗಿ ಬಾಲಿಯಿಂದ ಹಂದಿ ಸಾಗಿಸುತ್ತಿದ್ದವು. ಆ ಮಾರ್ಗಕ್ಕೆ ‘ಬಾಬಿ ಎಕ್ಸ್‌ಪ್ರೆಸ್’, ಅಂದರೆ ಹಂದಿ ಎಕ್ಸ್‌ಪ್ರೆಸ್ ಎಂಬ ಅಡ್ಡಹೆಸರೇ ಇತ್ತು. 1914ರ ಹೊತ್ತಿಗೆ ಕಂಪನಿ ಬಾಲಿಯ ಪ್ರಚಾರ ಪತ್ರಿಕೆಗಳನ್ನು ಹಂಚತೊಡಗಿತು. ಬಾಂಗ್ಲಿಯಲ್ಲಿ ವೈದ್ಯನಾಗಿದ್ದ ಗ್ರೆಗೋರ್ ಕ್ರೌಸ್ ತೆಗೆದ ಛಾಯಾಚಿತ್ರಗಳು 1920ರಲ್ಲಿ ಜರ್ಮನಿಯಲ್ಲಿ ಪುಸ್ತಕವಾಗಿ ಬಂದು, ಎಷ್ಟೋ ಜನರನ್ನು ಹಡಗು ಹತ್ತಿಸಿದವು. 1928ರಲ್ಲಿ ಕೆಪಿಎಂ ಡೆನ್‌ಪಸಾರಿನಲ್ಲಿ, ಪುಪುತಾನ್ ನಡೆದ ಜಾಗದ ಪಕ್ಕದಲ್ಲೇ, ಬಾಲಿ ಹೋಟೆಲ್ ತೆರೆಯಿತು. ರವೀಂದ್ರನಾಥ ಠಾಕೂರರು 1927ರಲ್ಲಿ, ಚಾರ್ಲಿ ಚಾಪ್ಲಿನ್ 1932ರಲ್ಲಿ ಬಂದು ಹೋದರು. ಹಡಗಿನಲ್ಲಿ ಬಂದ ಸಾಮಾನ್ಯ ಪ್ರವಾಸಿಗೆ ಮೂರು ದಿನ ಸಿಗುತ್ತಿತ್ತು: ಕಾರಿನಲ್ಲಿ ಒಂದು ಸುತ್ತು, ಸಂಜೆ ಹೋಟೆಲಿನ ಮುಂದೆ ನೃತ್ಯ, ಹೊರಡುವ ಮುಂಚೆ ಕೈಗೆ ಏನಾದರೊಂದು ನೆನಪಿನ ವಸ್ತು. ಸನೂರಿನ ಕಡಲ ದಂಡೆಯಲ್ಲಿ ನ್ಯೂಹೌಸ್ ಎಂಬ ಜರ್ಮನ್ ಸಹೋದರರು ಮೀನಿನ ಅಕ್ವೇರಿಯಂ ಜೊತೆಗೆ ಕಲೆಯ ಅಂಗಡಿಯನ್ನೂ ಇಟ್ಟಿದ್ದರು.

ಆದರೆ ಕಾಮಾಸಾನಿನ ನಾಲ್ಕೈದು ಗಜದ ಪಟ್ಟಿಯನ್ನು ಪ್ರವಾಸಿ ಏನು ಮಾಡಿಯಾನು? ಅದು ಗುಡಿಯ ಸೂರಿನಂಚಿಗೆ ಸುತ್ತಲೂ ಕಟ್ಟುವ ಬಟ್ಟೆ. ಗೋಡೆಗೆ ನೇತುಹಾಕುವಂಥದ್ದಲ್ಲ, ಅದರ ಕತೆಯೂ ಅವನಿಗೆ ಗೊತ್ತಿಲ್ಲ. ಬೇಕಾದದ್ದು ಪೆಟ್ಟಿಗೆಯಲ್ಲಿ ಹಿಡಿಸುವ, ಚೌಕಟ್ಟು ಹಾಕಬಹುದಾದ, ಕತೆ ಗೊತ್ತಿಲ್ಲದೆಯೂ ಅರ್ಥವಾಗುವ ಚಿತ್ರ. 1930ರ ಸುಮಾರಿಗೆ ಉಬುದ್, ಬಾತುವಾನ್ ಊರುಗಳ ಯುವಕರು ಅಂಥದ್ದನ್ನೇ ಬರೆಯತೊಡಗಿದರು: ಆಮದಾದ ಕಾಗದದ ಮೇಲೆ, ಚೀನಾದ ಶಾಯಿಯಲ್ಲಿ, ಸಂತೆ, ಗದ್ದೆಯ ನಾಟಿ, ಕೋಳಿ ಅಂಕ, ಹೆಣದ ಮೆರವಣಿಗೆ. ಮರದ ಕೆತ್ತನೆಯೂ ಬದಲಾಯಿತು. ತೊಲೆ, ಕಂಬ, ಬಾಗಿಲುಗಳಿಗೆ ಅಂಟಿಕೊಂಡು ಬಣ್ಣ ಬಳಿಸಿಕೊಳ್ಳುತ್ತಿದ್ದ ಆಕೃತಿಗಳು ಬಿಡಿ ಗೊಂಬೆಗಳಾಗಿ, ಬಣ್ಣ ಬಿಟ್ಟು, ಮರದ ನಯವನ್ನೇ ಅಂದವೆಂದು ತೋರಿಸಿದವು. ಒಂದು ಉದ್ದ ಮರದ ತುಂಡು ಕೊಟ್ಟು ಎರಡು ಮೂರ್ತಿ ಮಾಡು ಎಂದರೆ, ಅಷ್ಟು ಚೆಂದದ ಮರವನ್ನು ಕತ್ತರಿಸಲು ಮನಸ್ಸಾಗದೆ ಕೆತ್ತನೆಗಾರ ಒಂದೇ ನೀಳ ಮೂರ್ತಿ ಮಾಡಿ ತಂದನೆಂದೂ, ಉದ್ದುದ್ದದ ಆಕೃತಿಗಳ ಶೈಲಿ ಅಲ್ಲಿಂದಲೇ ಹುಟ್ಟಿತೆಂದೂ ಒಂದು ಕತೆಯಿದೆ. ಕತೆ ನಿಜವೋ ಅಲ್ಲವೋ, ಶೈಲಿಗೆ ಗಿರಾಕಿಗಳಂತೂ ಸಾಲುಗಟ್ಟಿದರು.

ಆ ತುಂಡನ್ನು ಕೊಟ್ಟವನೆಂದು ಹೇಳುವುದು ವಾಲ್ಟರ್ ಸ್ಪೀಸ್‌ನನ್ನು. ಮಾಸ್ಕೋದಲ್ಲಿ ಹುಟ್ಟಿದ ಈ ಜರ್ಮನ್ ಚಿತ್ರಕಾರ, ಸಂಗೀತಗಾರ 1927ರಲ್ಲಿ ಉಬುದಿನ ರಾಜಮನೆತನದ ಆಸರೆಯಲ್ಲಿ ನೆಲೆಸಿದ. 1929ರಲ್ಲಿ ಡಚ್ ಕಲಾವಿದ ರುಡಾಲ್ಫ್ ಬೊನೆ ಬಂದ. ಹೊಸ ಕಲೆಯನ್ನು ಇವರಿಬ್ಬರೇ ಹುಟ್ಟಿಸಿದರೆಂದು ಬಹುಕಾಲ ಬರೆಯಲಾಯಿತು. ಅದು ಉಬ್ಬಿಸಿದ ಮಾತು. ಆಗಲೇ ಹೆಸರಾಂತ ಶಿಲ್ಪಿಯೂ ವಾಸ್ತುಕಾರನೂ ಆಗಿದ್ದ ಗುಸ್ತಿ ನ್ಯೋಮನ್ ಲೆಂಪಾದನ ರೇಖೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಸ್ಪೀಸ್, ಬೊನೆ ಮಾಡಿದ ದೊಡ್ಡ ಕೆಲಸ ಬೇರೆ: ಕಳಪೆ ಮಾಲು ತುಂಬುತ್ತಿದ್ದ ಮಾರುಕಟ್ಟೆಗೆ ಒಂದು ಜರಡಿ ಹಿಡಿದದ್ದು. 1936ರಲ್ಲಿ ಅವರಿಬ್ಬರೂ ಲೆಂಪಾದನೂ ಉಬುದಿನ ರಾಜಮನೆತನದ ಚೊಕೊರ್ಡ ಗೆದೆ ಅಗುಂಗ್ ಸುಕಾವತಿಯೂ ಸೇರಿ ‘ಪಿತಾ ಮಹಾ’ ಎಂಬ ಕಲಾವಿದರ ಸಂಘ ಕಟ್ಟಿದರು. ಸದಸ್ಯರು ನೂರಕ್ಕೂ ಮೇಲಿದ್ದರು. ಅವರು ತಂದ ಕೃತಿಗಳನ್ನು ಸಮಿತಿಯೊಂದು ನೋಡಿ, ಒಳ್ಳೆಯದನ್ನು ಆರಿಸಿ, ಜಾವಾ ಮತ್ತು ಯೂರೋಪಿನ ಪ್ರದರ್ಶನಗಳಿಗೆ ಕಳುಹಿಸುತ್ತಿತ್ತು. ಅದೇ ಹೊತ್ತಿಗೆ ಬಾಲಿಯಲ್ಲಿದ್ದ ಮಾನವಶಾಸ್ತ್ರಜ್ಞರಾದ ಮಾರ್ಗರೆಟ್ ಮೀಡ್, ಗ್ರೆಗರಿ ಬೇಟ್‌ಸನ್ ಸಾವಿರಕ್ಕೂ ಹೆಚ್ಚು ಕಲಾಕೃತಿಗಳನ್ನು ಕೊಂಡರು. ಅದರಲ್ಲಿ ಹೆಚ್ಚಿನವು ಬಾತುವಾನಿನ ಚಿತ್ರಗಳು. ಇವರ ಹಾಗೆ ಯಾರು ಬರೆದದ್ದು, ಯಾವ ಕತೆ ಎಂದು ಟಿಪ್ಪಣಿ ಮಾಡಿಟ್ಟುಕೊಂಡ ಕೊಳ್ಳುವವರು ಅಪರೂಪ.

ಎರಡನೇ ಮಹಾಯುದ್ಧ ಬಂದು ಸಂಘ ಚದುರಿತು. ಜರ್ಮನ್ ಪ್ರಜೆಯೆಂದು ಡಚ್ಚರ ಸೆರೆಯಲ್ಲಿದ್ದ ಸ್ಪೀಸ್, ಕೈದಿಗಳನ್ನು ಸಾಗಿಸುತ್ತಿದ್ದ ಹಡಗಿನ ಮೇಲೆ 1942ರಲ್ಲಿ ಜಪಾನೀಯರ ಬಾಂಬು ಬಿದ್ದಾಗ ಮುಳುಗಿ ಸತ್ತ. ಸಂಘದ ಕಾಲದ 132 ಕೃತಿಗಳ ಒಂದು ಸಂಗ್ರಹ ನೆದರ್ಲೆಂಡ್ಸ್‌ನಲ್ಲಿ ಉಳಿದಿತ್ತು. 2023ರಲ್ಲಿ ಅದನ್ನು ಇಂಡೋನೇಷ್ಯಾಕ್ಕೆ ಹಿಂದಿರುಗಿಸಲಾಯಿತು.

ಇಂಡೋನೇಷ್ಯಾ ಸ್ವತಂತ್ರವಾದ ನಂತರ ಮೊದಲ ದೊಡ್ಡ ಗಿರಾಕಿ ರಾಷ್ಟ್ರಪತಿ ಸುಕಾರ್ನೋ. ತಾಯಿಯ ಕಡೆಯಿಂದ ಬಾಲಿಯವರಾದ ಅವರು ಚಿತ್ರಗಳನ್ನು ತಾವೇ ಆರಿಸಿ ಕೊಳ್ಳುತ್ತಿದ್ದರು, ವಿದೇಶಿ ಅತಿಥಿಗಳನ್ನು ಬಾಲಿಗೆ ಕರೆತರುತ್ತಿದ್ದರು. 1956ರಲ್ಲಿ ಉಬುದಿನ ಪುರಿ ಲುಕಿಸಾನ್ ಸಂಗ್ರಹಾಲಯ ತೆರೆಯಿತು. 1963ರಲ್ಲಿ ಅಗುಂಗ್ ಪರ್ವತದ ಸ್ಫೋಟ, 1965–66ರಲ್ಲಿ ಕಮ್ಯುನಿಸ್ಟರೆಂಬ ಹೆಸರಿನಲ್ಲಿ ನಡೆದ ಭೀಕರ ಹತ್ಯಾಕಾಂಡ ದ್ವೀಪವನ್ನು ಸೂತಕಕ್ಕೆ ತಳ್ಳಿದವು. ಆ ನೆತ್ತರು ಆರುವ ಮುಂಚೆಯೇ, 1966ರಲ್ಲಿ, ಸನೂರಿನಲ್ಲಿ ಹತ್ತು ಮಹಡಿಯ ಬಾಲಿ ಬೀಚ್ ಹೋಟೆಲ್ ಬಾಗಿಲು ತೆರೆಯಿತು. 1969ರಲ್ಲಿ ನ್ಗುರಾ ರೈ ವಿಮಾನ ನಿಲ್ದಾಣದಲ್ಲಿ ಜೆಟ್ ವಿಮಾನಗಳು ಇಳಿದ ಮೇಲೆ ವ್ಯಾಪಾರದ ಪ್ರಮಾಣವೇ ಬೇರೆಯಾಯಿತು.

ಡೆನ್‌ಪಸಾರಿನಿಂದ ಉಬುದಿಗೆ ಹೋಗುವ ರಸ್ತೆಯೇ ದೊಡ್ಡ ಅಂಗಡಿ ಸಾಲಾದದ್ದು ಆಗ. ಬಾತುಬುಲಾನಿನಲ್ಲಿ ಕಲ್ಲು, ಚೆಲುಕಿನಲ್ಲಿ ಬೆಳ್ಳಿ, ಮಾಸ್‌ನಲ್ಲಿ ಮರ, ಉಬುದಿನಲ್ಲಿ ಚಿತ್ರ. ಒಂದೊಂದು ಊರಿಗೆ ಒಂದೊಂದು ಕಸುಬು ಮೊದಲೇ ಇತ್ತು, ಬಸ್ಸುಗಳು ನಿಲ್ಲತೊಡಗಿದ ಮೇಲೆ ಆ ಹಂಚಿಕೆ ಇನ್ನಷ್ಟು ಗಟ್ಟಿಯಾಯಿತು. ಮಾಸ್‌ನ ಇದಾ ಬಾಗುಸ್ ನ್ಯಾನನ ನುಣುಪು ಮೂರ್ತಿಗಳು, ಅವನ ಮಗ ತಿಲೆಮ್ ತಿರುಚಿದ ಬೇರಿನಲ್ಲೇ ಆಕೃತಿ ಹುಡುಕಿ ಕೆತ್ತಿದವು ಸಂಗ್ರಹಾಲಯಕ್ಕೆ ಹೋದವು. ಅವುಗಳ ನಕಲುಗಳು ಅಂಗಡಿ ತುಂಬಿದವು. ಸಾಮಾನ್ಯ ಅಂಗಡಿಯ ಹಿಂದಿನ ಅಂಗಳದಲ್ಲಿ ಕೆಲಸ ಸಾಲಾಗಿ ಸಾಗುತ್ತದೆ: ಒಬ್ಬ ಬಾಚಿಯಿಂದ ಒರಟು ರೂಪ ಕೊಡುತ್ತಾನೆ, ಅನುಭವಿಯೊಬ್ಬ ಕಣ್ಣು ಮೂಗು ಬಿಡಿಸುತ್ತಾನೆ, ಹುಡುಗಿಯರು ಉಪ್ಪುಕಾಗದ ಉಜ್ಜುತ್ತಾರೆ, ಕೊನೆಗೆ ಹೊಳಪಿಗೆ ಬೂಟ್ ಪಾಲಿಶ್. ಪ್ರವಾಸಿಯನ್ನು ಕರೆತಂದ ಚಾಲಕನಿಗೋ ಗೈಡಿಗೋ ಬೆಲೆಯಲ್ಲಿ ದೊಡ್ಡ ಪಾಲು ಕಮಿಷನ್ನಾಗಿ ಹೋಗುತ್ತದೆ. ಅದಕ್ಕೇ ರಸ್ತೆಬದಿಯ ಅಂಗಡಿಯ ಬೆಲೆಗೂ ಸುಕಾವತಿ ಎಂಬ ಊರಿನ ಕಲಾ ಸಂತೆಯ ಬೆಲೆಗೂ ಅಷ್ಟು ಅಂತರ. ಸಂತೆಯಲ್ಲಿ ಚೌಕಾಸಿ ಇಲ್ಲದೆ ವ್ಯಾಪಾರವಿಲ್ಲ. ಬೆಳಗಿನ ಬೋಣಿ ಗಿರಾಕಿಗೆ ದರ ಇಳಿಸಿ ಕೊಟ್ಟು, ಬಂದ ನೋಟನ್ನು ಉಳಿದ ಮಾಲಿಗೆಲ್ಲ ಮುಟ್ಟಿಸಿಕೊಂಡು ಹೋಗುವುದು ಅಲ್ಲಿಯೂ ರೂಢಿ.

ಇಷ್ಟಾದರೂ ದೇವಸ್ಥಾನದ ಕೆಲಸ ನಿಲ್ಲಲಿಲ್ಲ. ಬಾಲಿಯ ವಿಶೇಷ ಇರುವುದು ಇಲ್ಲಿ, ಮತ್ತು ಇದು ಮುಖವಾಡಗಳಲ್ಲಿ ಎದ್ದು ಕಾಣುತ್ತದೆ. ಊರು ಕಾಯುವ ಮೃಗ ಬಾರೊಂಗ್, ಮಾಟಗಾತಿ ರಂಗ್ಡಾ ಇವರ ಪವಿತ್ರ ಮುಖವಾಡಕ್ಕೆ ಬೇಕಾದದ್ದು ‘ಪುಲೆ’ ಮರ, ಅಂದರೆ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ತೆಗೆಯುವ ಅದೇ ಪಾಲೆ. ಒಳ್ಳೆಯ ದಿನ ನೋಡಿ, ಮರಕ್ಕೆ ನೈವೇದ್ಯವಿಟ್ಟು ಅಪ್ಪಣೆ ಬೇಡಿ, ಮರ ಸಾಯದಂತೆ ಬೇಕಾದಷ್ಟೇ ತುಂಡನ್ನು ಬಿಡಿಸಿಕೊಳ್ಳುತ್ತಾರೆ. ಮೂಳೆಯ ಬೂದಿಯ ಬಣ್ಣವನ್ನು ಹತ್ತಾರು ಪದರ ಬಳಿದು ಒಣಗಿಸುತ್ತಾರೆ. ಕೊನೆಗೆ ‘ಪಸುಪತಿ’ ಎಂಬ ವಿಧಿಯಿಂದ ಪ್ರಾಣಪ್ರತಿಷ್ಠೆ. ಅದೇ ಕೆತ್ತನೆಗಾರ ಅದೇ ಉಳಿಯಿಂದ ಅಂಗಡಿಗೆ ಮಾಡುವ ಮುಖವಾಡಕ್ಕೆ ಅಗ್ಗದ ಮರ, ಎರಡು ಕೈ ಅಕ್ರಿಲಿಕ್ ಬಣ್ಣ ಸಾಕು. ಅದಕ್ಕೆ ಪ್ರಾಣ ತುಂಬುವ ಪ್ರಶ್ನೆಯೇ ಇಲ್ಲದ್ದರಿಂದ ಮಾರಲು ಅಡ್ಡಿಯೂ ಇಲ್ಲ. ತೆಂಗಾನಾನ್ ಊರಿನ ‘ಗೆರಿಂಗ್‌ಸಿಂಗ್’ ಬಟ್ಟೆಯದೂ ಹೀಗೆಯೇ. ಹಾಸು, ಹೊಕ್ಕು ಎರಡೂ ನೂಲಿಗೆ ನೇಯುವ ಮುಂಚೆಯೇ ಕಟ್ಟಿ ಬಣ್ಣ ಹಾಕುವ ಈ ಬಗೆ ಗುಜರಾತಿನ ಪಾಟಣದ ಪಟೋಲದಂಥ ಭಾರತದ ಕೆಲವು ನೇಯ್ಗೆ ಮತ್ತು ಜಪಾನಿನ ಕೆಲವು ನೇಯ್ಗೆ ಬಿಟ್ಟರೆ ಬೇರೆಡೆ ಸಿಗುವುದು ದುರ್ಲಭ. ನೋನಿ ಜಾತಿಯ ಬೇರಿನ ಕೆಂಪು ಹತ್ತಬೇಕಾದರೆ ನೂಲನ್ನು ಮತ್ತೆ ಮತ್ತೆ ಅದ್ದಬೇಕು. ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಮಗ್ಗದಿಂದ ಬಳೆಯಂತೆ ಸುತ್ತಾಗಿ ಇಳಿದ, ಹಾಸು ಕತ್ತರಿಸದ ಬಟ್ಟೆ ಕೆಲವು ವಿಧಿಗಳಿಗೆ ಮೀಸಲು.

ಕಾಲ ಕಳೆದಂತೆ ಅಂಗಡಿ ಬಾಲಿಯ ಕಲೆಗಷ್ಟೇ ನಿಲ್ಲಲಿಲ್ಲ. ತೆಗಲ್ಲಾಲಾಂಗ್ ಕಡೆಯ ಮನೆಗಳು 1980ರ ದಶಕದಿಂದ ಮರದ ಬಾಳೆಗಿಡ, ಬೆಕ್ಕು, ಜಿರಾಫೆಗಳನ್ನು ಕೆತ್ತಿ ಕಂಟೇನರುಗಳಲ್ಲಿ ಹೊರದೇಶಕ್ಕೆ ಕಳಿಸಿದವು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಊದುವ ವಾದ್ಯವಾದ ಡಿಜೆರಿಡೂ ಕೂಡ ಬಾಲಿಯಲ್ಲಿ ತಯಾರಾಗತೊಡಗಿತು. ಇಂಡೋನೇಷ್ಯಾದಲ್ಲಿ ಮಾಡಿಸಿದ ಇಂಥ ಸಾಮಾನನ್ನು ಮೂಲನಿವಾಸಿಗಳ ಕೈಕೆಲಸವೆಂದು ತೋರುವಂತೆ ಮಾರಿದ ಆಸ್ಟ್ರೇಲಿಯಾದ ಕಂಪನಿಯೊಂದಕ್ಕೆ ಅಲ್ಲಿನ ಫೆಡರಲ್ ಕೋರ್ಟು 2019ರಲ್ಲಿ 23 ಲಕ್ಷ ಡಾಲರ್ ದಂಡ ಹಾಕಿತು. ದಂಡ ಮಾರಿದವರಿಗೆ, ಕೆತ್ತಿದವರಿಗೆ ಅದು ಒಪ್ಪಿಕೊಂಡ ಇನ್ನೊಂದು ಆರ್ಡರ್ ಮಾತ್ರ.

‘ಹಳೆಯದು’ ಎಂದು ಮಾರುವ ವಸ್ತುಗಳದು ಇನ್ನೊಂದು ಬಗೆ. ಮಣ್ಣಿನಲ್ಲಿ ಹೂತು, ಹೊಗೆಗೆ ಹಿಡಿದು, ಕೆತ್ತನೆಯ ಅಂಚು ಸವೆಸಿ ಹೊಸ ಮರಕ್ಕೆ ನೂರು ವರ್ಷ ತುಂಬಿಸುವ ಕೈಗಳು ಅಲ್ಲಿ ಬೇಕಾದಷ್ಟಿವೆ, ಮತ್ತು ಇದನ್ನು ಬಚ್ಚಿಡದೆ ಹೇಳುವ ಅಂಗಡಿಯವರೂ ಇದ್ದಾರೆ. ನಿಜವಾಗಿ ಹಳೆಯದಾದದ್ದಕ್ಕೆ ಕಾನೂನಿನ ತಡೆಯಿದೆ. ಇಂಡೋನೇಷ್ಯಾದ 2010ರ ಸಾಂಸ್ಕೃತಿಕ ಪರಂಪರೆ ಕಾಯ್ದೆಯು 50 ವರ್ಷ ದಾಟಿದ, ಮಹತ್ವದ್ದೆಂದು ಪರಿಗಣಿಸಿದ ವಸ್ತುಗಳನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಒಯ್ಯುವುದನ್ನು ತಡೆಯುತ್ತದೆ. ಹಡಗಿನ ಪ್ರವಾಸಿಗಳ ಪೆಟ್ಟಿಗೆಗೆ ಹಿಡಿಸಲೆಂದು 1930ರ ದಶಕದಲ್ಲಿ ಬರೆದ, ದ್ವೀಪದಲ್ಲೇ ಉಳಿದ ಚಿತ್ರಗಳೂ ಆ ವಯಸ್ಸನ್ನು ಎಂದೋ ದಾಟಿವೆ.